ಸೋತ ತಟ್ಟೆಯ ದೀರ್ಘಾಯುಷ್ಯ

1967ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಸಂಗೀತದ ಅಂಗಡಿಗಳಿಗೆ ಒಂದು ಹೊಸ ಎಲ್.ಪಿ. ತಟ್ಟೆ ಬಂತು. ಬಿಳಿಯ ಹೊದಿಕೆಯ ನಡುವೆ ಒಂದು ಹಳದಿ ಬಾಳೆಹಣ್ಣಿನ ಚಿತ್ರ, ಕೆಳಗೆ ಚಿತ್ರಕಾರ ಆಂಡಿ ವಾರ್ಹೋಲ್‌ನ ಹೆಸರು. ಹಾಡಿದವರ ಹೆಸರು ಮುಂಬದಿಯಲ್ಲಿ ಎಲ್ಲಿಯೂ ಇರಲಿಲ್ಲ. ಬಾಳೆಹಣ್ಣಿನ ಸಿಪ್ಪೆ ಅಂಟುಕಾಗದದ್ದು. ಅದನ್ನು ಮೆಲ್ಲನೆ ಸುಲಿದರೆ ಒಳಗೆ ಗುಲಾಬಿ ಬಣ್ಣದ ಹಣ್ಣು ಕಾಣಿಸುತ್ತಿತ್ತು. ತಂಡದ ಹೆಸರು ‘ದಿ ವೆಲ್ವೆಟ್ ಅಂಡರ್‌ಗ್ರೌಂಡ್’. ತಟ್ಟೆಯ ಹೆಸರು ‘ದಿ ವೆಲ್ವೆಟ್ ಅಂಡರ್‌ಗ್ರೌಂಡ್ ಅಂಡ್ ನಿಕೊ’.

ತಟ್ಟೆ ಮಾರಾಟವಾಗಲಿಲ್ಲ. ‘ಬಿಲ್‌ಬೋರ್ಡ್’ ಪತ್ರಿಕೆ ಪ್ರಕಟಿಸುತ್ತಿದ್ದ 200 ತಟ್ಟೆಗಳ ಜನಪ್ರಿಯತೆಯ ಪಟ್ಟಿಯಲ್ಲಿ ಅದು 171ನೆಯ ಸ್ಥಾನಕ್ಕಿಂತ ಮೇಲೆ ಏರಲೇ ಇಲ್ಲ. ರೇಡಿಯೋ ಕೇಂದ್ರಗಳು ಅದನ್ನು ಬಹುಮಟ್ಟಿಗೆ ದೂರವಿಟ್ಟವು. ಮೂರೂವರೆ ವರ್ಷ ಕಳೆಯುವುದರೊಳಗೆ ತಂಡವನ್ನು ಕಟ್ಟಿದ ಮುಖ್ಯರಿಬ್ಬರೂ ಅದನ್ನು ಬಿಟ್ಟು ಹೋಗಿದ್ದರು. ಆದರೆ ಇಂದು ‘ಪರ್ಯಾಯ ರಾಕ್’, ‘ಪ್ರಯೋಗಶೀಲ ರಾಕ್’ ಎಂದು ಕರೆಯಲಾಗುವ ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೊದಲ ಪುಟದಲ್ಲೇ ಈ ತಟ್ಟೆಯನ್ನು ಹೆಸರಿಸುತ್ತಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ದೇಶ ಕಾಪಾಡಿಕೊಳ್ಳಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ 2006ರಲ್ಲಿ ಇದನ್ನು ಸೇರಿಸಿತು. ಕೊಳ್ಳುವವರಿಲ್ಲದ ಒಂದು ತಟ್ಟೆ ಇಲ್ಲಿಯವರೆಗೆ ಬಂದದ್ದು ಹೇಗೆ? ಅದಕ್ಕೆ ಉತ್ತರ ಹುಡುಕುತ್ತ ಹೋದರೆ ನಮ್ಮ ತಂಬೂರಿಯೂ ಎದುರಾಗುತ್ತದೆ, ಪ್ರಾಗ್ ನಗರದ ನ್ಯಾಯಾಲಯವೂ ಎದುರಾಗುತ್ತದೆ.

ಇಬ್ಬರು ಯುವಕರು

ತಂಡದ ಬೇರು ಇಬ್ಬರಲ್ಲಿತ್ತು. ಇಬ್ಬರೂ 1942ರಲ್ಲಿ ಹುಟ್ಟಿದವರು. ಲೂ ರೀಡ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿ ಲಾಂಗ್ ಐಲೆಂಡ್‌ನಲ್ಲಿ ಬೆಳೆದ. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದುವಾಗ ಕವಿ ಡೆಲ್ಮೋರ್ ಶ್ವಾರ್ಟ್ಜ್ ಅವನ ಮೇಷ್ಟ್ರಾಗಿದ್ದರು. ಓದು ಮುಗಿದ ಮೇಲೆ ಅವನಿಗೆ ಪಿಕ್‌ವಿಕ್ ಎಂಬ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆ ಕಾಲಕ್ಕೆ ಯಾವ ಬಗೆಯ ಹಾಡು ಓಡುತ್ತದೋ ಅದೇ ಬಗೆಯಲ್ಲಿ ಹೊಸ ಹಾಡು ಹೊಸೆದು, ಅಗ್ಗದ ತಟ್ಟೆಗಳಲ್ಲಿ ತುಂಬಿ ಮಾರುವುದು ಆ ಕಂಪನಿಯ ವ್ಯಾಪಾರ. ರೀಡ್ ಅಲ್ಲಿ ಸಂಬಳಕ್ಕೆ ಹಾಡು ಬರೆಯುತ್ತಿದ್ದ.

ಜಾನ್ ಕೇಲ್ ವೇಲ್ಸ್‌ನ ಗಾರ್ನಂಟ್ ಎಂಬ ಊರಿನವನು. ಪಿಟೀಲಿಗಿಂತ ತುಸು ದೊಡ್ಡದಾದ, ತಗ್ಗು ದನಿಯ ವಿಯೋಲಾ ಅವನ ವಾದ್ಯ. ಲಂಡನ್ನಿನಲ್ಲಿ ಶಾಸ್ತ್ರೀಯ ಸಂಗೀತ ಕಲಿತು, 1963ರಲ್ಲಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಬಂದ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಏರ್ಪಡಿಸಿದ್ದ, ಫ್ರೆಂಚ್ ಸಂಗೀತಗಾರ ಎರಿಕ್ ಸಾಟಿಯ ಒಂದೇ ಪುಟ್ಟ ರಚನೆಯನ್ನು 840 ಸಲ ನುಡಿಸುವ 18 ಗಂಟೆಗೂ ಮೀರಿದ ಕಛೇರಿಯಲ್ಲಿ ಪಾಲ್ಗೊಂಡ ಪಿಯಾನೋ ವಾದಕರಲ್ಲಿ ಅವನೂ ಒಬ್ಬ.

ಒಬ್ಬ ಬಾಡಿಗೆ ಹಾಡುಗಾರ, ಇನ್ನೊಬ್ಬ ಪ್ರಯೋಗದ ಹುಚ್ಚು ಹಿಡಿದ ಶಾಸ್ತ್ರೀಯ ವಾದಕ. ಇವರನ್ನು ಸೇರಿಸಿದ್ದು ‘ದಿ ಆಸ್ಟ್ರಿಚ್’ ಎಂಬ ತಮಾಷೆಯ ಹಾಡು. 1964ರಲ್ಲಿ ರೀಡ್ ಇದನ್ನು ಪಿಕ್‌ವಿಕ್‌ಗಾಗಿ ಮಾಡಿದಾಗ ತನ್ನ ಗಿಟಾರಿನ ಎಲ್ಲ ತಂತಿಗಳನ್ನೂ ಒಂದೇ ಸ್ವರಕ್ಕೆ, ಬೇರೆ ಬೇರೆ ಸ್ಥಾಯಿಯಲ್ಲಿ ಕೂಡಿಸಿಕೊಂಡಿದ್ದ. ಹಾಡನ್ನು ವೇದಿಕೆಯ ಮೇಲೆ ನುಡಿಸಲು ಒಂದು ತಂಡ ಬೇಕಾಯಿತು. ಹಾಗೆ ಕರೆಸಿಕೊಂಡವರಲ್ಲಿ ಕೇಲ್ ಒಬ್ಬ. ಆ ಗಿಟಾರಿನ ಶ್ರುತಿಯನ್ನು ಕೇಳಿ ಅವನಿಗೆ ಅಚ್ಚರಿಯಾಯಿತು. ಏಕೆಂದರೆ ಅವನು ಪ್ರತಿದಿನ ಸಂಜೆ ಬೇರೊಂದು ಕಡೆ ಮಾಡುತ್ತಿದ್ದ ಕೆಲಸವೂ ಹೆಚ್ಚುಕಡಿಮೆ ಅದೇ ಆಗಿತ್ತು.

ತಂಬೂರಿಯ ನಂಟು

ಆ ಬೇರೊಂದು ಕಡೆ ಎಂದರೆ ಲಾ ಮಾಂಟ್ ಯಂಗ್ ಎಂಬ ಸಂಗೀತಗಾರನ ಮನೆ. 1955ರಲ್ಲಿ ಸರೋದ್ ವಾದಕ ಅಲಿ ಅಕ್ಬರ್ ಖಾನ್ ಅಮೆರಿಕದಲ್ಲಿ ಒಂದು ಎಲ್.ಪಿ. ಧ್ವನಿಮುದ್ರಿಸಿದರು. ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ ಅದರಲ್ಲಿ ರಾಗ, ತಾಳ, ವಾದ್ಯಗಳನ್ನು ಪಾಶ್ಚಾತ್ಯ ಕೇಳುಗರಿಗೆ ಪರಿಚಯ ಮಾಡಿಕೊಟ್ಟಿದ್ದರು. ಚತುರ್ ಲಾಲ್ ಅವರದು ತಬಲಾ. ತಂಬೂರಿ ಎಂಬ ವಾದ್ಯವನ್ನು ಯಂಗ್ ಮೊದಲು ಕೇಳಿದ್ದು ಈ ತಟ್ಟೆಯಲ್ಲಿ. ನಮಗೆ ಕಛೇರಿಯಲ್ಲಿ ತಂಬೂರಿ ಇರುವುದು ಹಾಡುಗಾರನಿಗೆ ಶ್ರುತಿಯ ಆಧಾರವಾಗಿ. ಅದನ್ನು ನಾವು ಪ್ರತ್ಯೇಕವಾಗಿ ಕೇಳಿಸಿಕೊಳ್ಳುವುದು ಕಡಿಮೆ. ಯಂಗ್‌ಗೆ ಅದೇ ಮುಖ್ಯವಾಗಿ ಕೇಳಿಸಿತು. ಬದಲಾಗದೆ ನಿಂತಿರುವ ಒಂದು ನಾದವನ್ನೇ ಸಂಗೀತವನ್ನಾಗಿ ಮಾಡಿದರೆ ಹೇಗೆ ಎಂದು ಅವನು ಯೋಚಿಸಿದ.

1960ರ ದಶಕದ ಮೊದಲ ಭಾಗದಲ್ಲಿ ಯಂಗ್, ಅವನ ಪತ್ನಿ ಮರಿಯನ್ ಝಝೀಲಾ, ಪಿಟೀಲು ವಾದಕ ಟೋನಿ ಕಾನ್ರಡ್ ಮತ್ತು ಕೇಲ್ ಸೇರಿ ‘ಥಿಯೇಟರ್ ಆಫ್ ಎಟರ್ನಲ್ ಮ್ಯೂಸಿಕ್’ ಎಂಬ ಕೂಟ ಕಟ್ಟಿದರು. ಒಂದೆರಡು ಸ್ವರಗಳನ್ನು ಗಂಟೆಗಟ್ಟಲೆ ಎಳೆದು ಹಿಡಿಯುವುದು ಇವರ ಅಭ್ಯಾಸ. ವಿದ್ಯುತ್ ಯಂತ್ರಗಳಿಂದ ಹೊರಡುವ 60 ಸೈಕಲ್‌ನ ಗುಂಯ್ ಸದ್ದನ್ನೇ ಇವರು ಆಧಾರ ಶ್ರುತಿಯನ್ನಾಗಿ ಇಟ್ಟುಕೊಂಡದ್ದುಂಟು. ಕೇಲ್ ತನ್ನ ವಿಯೋಲಾದ ಕುದುರೆಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ, ಗಿಟಾರಿನ ತಂತಿಗಳನ್ನು ಬಿಗಿದಿದ್ದ. ಕುದುರೆ ಬಾಗಿದ್ದರೆ ಕಮಾನು ಒಂದೆರಡು ತಂತಿಗಳನ್ನಷ್ಟೇ ಮುಟ್ಟುತ್ತದೆ. ಚಪ್ಪಟೆಯಾದರೆ ಒಟ್ಟಿಗೇ ಹಲವನ್ನು ಮುಟ್ಟುತ್ತದೆ. ಧ್ವನಿವರ್ಧಕದ ಮೂಲಕ ಕೇಳಿದಾಗ ಅದು ವಿಮಾನದ ಎಂಜಿನ್‌ನಂತೆ ಮೊರೆಯುತ್ತಿತ್ತು.

ಇಲ್ಲೊಂದು ಸ್ಪಷ್ಟನೆ ಅಗತ್ಯ. ಯಂಗ್ ದಂಪತಿಗಳು ಪಂಡಿತ್ ಪ್ರಾಣನಾಥರ ಶಿಷ್ಯರಾಗಿದ್ದರು ಎಂಬುದು ನಿಜ. ಪ್ರಾಣನಾಥರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನ್ ಅವರ ಶಿಷ್ಯ. ಅದೇ ಘರಾಣೆಯನ್ನು ಕುಂದಗೋಳದ ಸವಾಯಿ ಗಂಧರ್ವರು, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರು ಧಾರವಾಡ ಸೀಮೆಯಿಂದ ಜಗತ್ತಿಗೆ ಕೇಳಿಸಿದರು. ಆದರೆ ಪ್ರಾಣನಾಥರು ಅಮೆರಿಕಕ್ಕೆ ಹೋದದ್ದು 1970ರಲ್ಲಿ, ವೆಲ್ವೆಟ್ ತಂಡದ ತಟ್ಟೆ ಬಂದು ಮೂರು ವರ್ಷಗಳ ಮೇಲೆ. ಆದ್ದರಿಂದ ವೆಲ್ವೆಟ್ ತಂಡಕ್ಕೂ ಹಿಂದೂಸ್ತಾನಿ ಸಂಗೀತಕ್ಕೂ ಇದ್ದ ಸಂಬಂಧ ಗುರುಪರಂಪರೆಯದಲ್ಲ. ಅಲಿ ಅಕ್ಬರರ ಆ ಒಂದು ತಟ್ಟೆಯ ಹಿನ್ನೆಲೆಯಲ್ಲಿ ಮಿಡಿದ ತಂಬೂರಿ ಯಂಗ್‌ನ ಕಿವಿಗೆ ಬಿತ್ತು, ಯಂಗ್‌ನಿಂದ ಕೇಲ್‌ನ ವಿಯೋಲಾಕ್ಕೆ ಬಂತು, ಅಲ್ಲಿಂದ ರಾಕ್ ಸಂಗೀತಕ್ಕೆ ಇಳಿಯಿತು. ನಂಟು ದೂರದ್ದು, ಆದರೆ ನಿಜವಾದದ್ದು.

ವಾರ್ಹೋಲ್‌ನ ನೆರಳಿನಲ್ಲಿ

ರೀಡ್, ಕೇಲ್ ಜೊತೆಗೆ ಗಿಟಾರ್ ವಾದಕ ಸ್ಟರ್ಲಿಂಗ್ ಮಾರಿಸನ್ ಮತ್ತು ತಾಳವಾದ್ಯಕ್ಕೆ ಆಂಗಸ್ ಮ್ಯಾಕ್‌ಲೈಸ್ ಸೇರಿದರು. 1965ರ ಕೊನೆಯಲ್ಲಿ ನ್ಯೂಜೆರ್ಸಿಯ ಒಂದು ಹೈಸ್ಕೂಲಿನಲ್ಲಿ 75 ಡಾಲರ್ ಸಂಭಾವನೆಗೆ ನುಡಿಸುವ ಅವಕಾಶ ಬಂದಾಗ ಮ್ಯಾಕ್‌ಲೈಸ್ ತಂಡ ಬಿಟ್ಟ. ಇಂಥ ಹೊತ್ತಿಗೆ ಶುರು ಮಾಡಬೇಕು, ಇಂಥ ಹೊತ್ತಿಗೆ ನಿಲ್ಲಿಸಬೇಕು ಎನ್ನುವುದು ಅವನಿಗೆ ಒಗ್ಗಲಿಲ್ಲ. ಅವನ ಜಾಗಕ್ಕೆ ಬಂದವಳು ಮೋರಿನ್ ಟಕರ್. ಆ ಕಾಲದ ರಾಕ್ ತಂಡಗಳಲ್ಲಿ ಡ್ರಮ್ ಬಾರಿಸುವ ಹೆಣ್ಣುಮಕ್ಕಳು ಅಪರೂಪ. ಟಕರ್ ನಿಂತುಕೊಂಡು, ದೊಡ್ಡ ಡ್ರಮ್ಮನ್ನು ಮಲಗಿಸಿ, ಮೆತ್ತನೆಯ ತಲೆಯ ಕೋಲುಗಳಿಂದ ಬಾರಿಸುತ್ತಿದ್ದಳು. ತಾಳದ ಫಳಗುಟ್ಟುವಿಕೆ ಇಲ್ಲದ, ಒಂದೇ ಸಮನೆ ನಡೆಯುವ ಆ ಬಡಿತ ತಂಡದ ಗುರುತಾಯಿತು.

ಅದೇ ಡಿಸೆಂಬರ್‌ನಲ್ಲಿ ವಾರ್ಹೋಲ್ ಇವರನ್ನು ನ್ಯೂಯಾರ್ಕಿನ ಒಂದು ಕೆಫೆಯಲ್ಲಿ ಕಂಡ. ಸೂಪಿನ ಡಬ್ಬಿಗಳ ಚಿತ್ರ ಬರೆದು ಹೆಸರಾಗಿದ್ದ ಅವನಿಗೆ ತನ್ನ ಚಲನಚಿತ್ರ, ಬೆಳಕಿನಾಟ, ನೃತ್ಯಗಳ ಜೊತೆಗೆ ಗದ್ದಲ ಮಾಡುವ ಒಂದು ತಂಡ ಬೇಕಾಗಿತ್ತು. ಗೋಡೆಗಳಿಗೆಲ್ಲ ಬೆಳ್ಳಿ ಬಣ್ಣ ಬಳಿದಿದ್ದ ಅವನ ಕಾರ್ಯಾಗಾರ ‘ಫ್ಯಾಕ್ಟರಿ’ಯಲ್ಲಿ ತಂಡಕ್ಕೆ ಜಾಗ ಸಿಕ್ಕಿತು. ಜರ್ಮನಿಯ ರೂಪದರ್ಶಿ, ಗಾಯಕಿ ನಿಕೊಳನ್ನು ಸೇರಿಸಿಕೊಳ್ಳಬೇಕೆಂಬ ಒತ್ತಾಯವೂ ಅಲ್ಲಿಂದಲೇ ಬಂತು. ತಂಡಕ್ಕೆ ಅದು ಪೂರ್ತಿ ಇಷ್ಟವಿರಲಿಲ್ಲ. ತಟ್ಟೆಯ 11 ಹಾಡುಗಳಲ್ಲಿ ಮೂರನ್ನು ಅವಳು ಮುಖ್ಯ ಗಾಯಕಿಯಾಗಿ ಹಾಡಿದಳು. ತಟ್ಟೆಯ ಹೆಸರಿನಲ್ಲಿ ಅವಳ ಹೆಸರು ಬೇರೆಯಾಗಿಯೇ ಉಳಿಯಿತು.

ಧ್ವನಿಮುದ್ರಣದ ಬಹುಭಾಗ 1966ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ 54ನೇ ಬೀದಿಯ ಹಳೆಯ ಸ್ಟುಡಿಯೋ ಒಂದರಲ್ಲಿ ಕೆಲವೇ ದಿನಗಳಲ್ಲಿ ಮುಗಿಯಿತು. ಖರ್ಚಿನ ಒಂದು ಪಾಲು ಕೊಟ್ಟವರು ಕೊಲಂಬಿಯಾ ಕಂಪನಿಯ ಮಾರಾಟ ವಿಭಾಗದಲ್ಲಿದ್ದ ನಾರ್ಮನ್ ಡಾಲ್ಫ್. ಪ್ರತಿಫಲವಾಗಿ ಅವರಿಗೆ ಸಿಕ್ಕಿದ್ದು ವಾರ್ಹೋಲ್‌ನ ಒಂದು ಚಿತ್ರ. ಮಾದರಿ ತಟ್ಟೆಯನ್ನು ಕೊಲಂಬಿಯಾಕ್ಕೆ ಕಳಿಸಿದರು. ಅದು ತಿರಸ್ಕೃತವಾಗಿ ಮರಳಿತು. ಕೊನೆಗೆ ಎಂ.ಜಿ.ಎಂ. ಒಡೆತನದ ವರ್ವ್ ಕಂಪನಿಯಲ್ಲಿದ್ದ ಟಾಮ್ ವಿಲ್ಸನ್ ತಂಡವನ್ನು ಒಪ್ಪಿಕೊಂಡರು. ಬಾಬ್ ಡಿಲನ್‌ನ ತಟ್ಟೆಗಳನ್ನು ನಿರ್ಮಿಸಿದ್ದ ಅನುಭವ ಅವರದು. ಹೊರಬಂದ ತಟ್ಟೆಯ ಮೇಲೆ ಮಾತ್ರ ನಿರ್ಮಾಪಕನೆಂದು ವಾರ್ಹೋಲ್‌ನ ಹೆಸರಿತ್ತು. ಧ್ವನಿಮುದ್ರಣದ ತಂತ್ರ ಅವನಿಗೆ ಗೊತ್ತಿರಲಿಲ್ಲ. ಆದರೆ ಅವನು ಎದುರಿಗೆ ಕುಳಿತಿದ್ದ ಕಾರಣ ತಂತ್ರಜ್ಞರು ‘ಇದನ್ನು ತಿದ್ದಿ, ಅದನ್ನು ನಯ ಮಾಡಿ’ ಎನ್ನಲು ಹೋಗಲಿಲ್ಲ ಎಂದು ರೀಡ್ ಮುಂದೆ ನೆನೆಸಿಕೊಂಡಿದ್ದಾನೆ. ಏನನ್ನೂ ಬದಲಿಸಗೊಡದೆ ಇದ್ದದ್ದೇ ವಾರ್ಹೋಲ್ ಮಾಡಿದ ಉಪಕಾರ.

ಹಾಡುಗಳಲ್ಲಿ ಏನಿತ್ತು?

ಅದು ಹಿಪ್ಪಿಗಳ ಕಾಲ. ಪ್ರೀತಿ, ಶಾಂತಿ, ಹೂವುಗಳ ಹಾಡು ಎಲ್ಲೆಡೆ ಕೇಳಿಸುತ್ತಿತ್ತು. ವೆಲ್ವೆಟ್ ತಂಡದ ತಟ್ಟೆ ಬಂದ ಎರಡೂವರೆ ತಿಂಗಳಿಗೆ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್ಸ್’ ಬಂದು ಜಗತ್ತನ್ನೇ ಮೋಡಿ ಮಾಡಿತು. ಈ ವಾತಾವರಣದಲ್ಲಿ ರೀಡ್ ಬರೆದದ್ದು ನ್ಯೂಯಾರ್ಕಿನ ಬೀದಿಮೂಲೆಯಲ್ಲಿ ಮಾದಕ ದ್ರವ್ಯ ಮಾರುವವನಿಗಾಗಿ ಕಾದು ನಿಂತವನ ಬಗ್ಗೆ, ಸೂಜಿ ಚುಚ್ಚಿಕೊಳ್ಳುವವನ ಮನಸ್ಸಿನ ಬಗ್ಗೆ, ನೋವಿನಲ್ಲಿ ಸುಖ ಹುಡುಕುವ ಕಾಮದ ಬಗ್ಗೆ. ಕಾದಂಬರಿಕಾರ ಬರೆದರೆ ಸಾಹಿತ್ಯವೆನಿಸುವುದನ್ನು ಹಾಡಿನಲ್ಲಿ ಏಕೆ ಹೇಳಬಾರದು ಎಂಬುದು ಅವನ ವಾದ. ಹಾಡುಗಳು ಚಟವನ್ನು ಹೊಗಳಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಬಹಳ ಮಂದಿಗೆ ಸಹಿಸಲಾಗದೆ ಹೋದದ್ದು ಈ ತಟಸ್ಥ ದನಿ.

‘ಹೆರಾಯಿನ್’ ಎಂಬ ಏಳು ನಿಮಿಷಗಳ ಹಾಡನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗಿಟಾರಿನಲ್ಲಿ ಇರುವುದು ಎರಡೇ ಸ್ವರಮೇಳ. ಲಯ ಮೆಲ್ಲಗೆ ಆರಂಭವಾಗಿ, ಓಡಿ, ಮತ್ತೆ ನಿಧಾನವಾಗಿ, ಮತ್ತೆ ಓಡುತ್ತದೆ. ಇದರ ಕೆಳಗೆ ಕೇಲ್‌ನ ವಿಯೋಲಾ ಶ್ರುತಿಯಂತೆ ನಿಂತಿದ್ದು, ಕೊನೆಗೆ ಆ ಶ್ರುತಿಯೇ ಹರಿದು ಚೀರಾಟವಾಗುತ್ತದೆ. ಗದ್ದಲ ಮೇಲೇರಿದ ಒಂದು ಕಡೆ ಡ್ರಮ್ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಬೇರೆಯವರು ಏನು ನುಡಿಸುತ್ತಿದ್ದಾರೆಂಬುದು ತನಗೆ ಕೇಳಿಸದೆ ಹೋದ್ದರಿಂದ ನಿಲ್ಲಿಸಿದೆ ಎಂದು ಟಕರ್ ಹೇಳಿದ್ದಾಳೆ. ಬೇರೆ ಕಡೆಯಾಗಿದ್ದರೆ ಅದನ್ನು ತಪ್ಪೆಂದು ಮತ್ತೆ ಮುದ್ರಿಸುತ್ತಿದ್ದರು. ಇಲ್ಲಿ ಹಾಗೆಯೇ ಉಳಿಸಿಕೊಂಡರು. ಇದರ ಮಗ್ಗುಲಲ್ಲೇ ‘ಸಂಡೇ ಮಾರ್ನಿಂಗ್’ನಂಥ ಜೋಗುಳದಷ್ಟು ಮೃದುವಾದ ಹಾಡೂ ಇದೆ. ಕರ್ಕಶವೂ ಮಾಧುರ್ಯವೂ ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ಕುಳಿತದ್ದು ಮುಂದಿನವರಿಗೆ ದೊಡ್ಡ ಪಾಠವಾಯಿತು.

ಮಾರುಕಟ್ಟೆಯ ತೀರ್ಪು

ಹಾಡು ಮುದ್ರಣವಾದದ್ದಕ್ಕೂ ತಟ್ಟೆ ಹೊರಬಂದದ್ದಕ್ಕೂ ನಡುವೆ ಹೆಚ್ಚುಕಡಿಮೆ ಒಂದು ವರ್ಷ ಕಳೆಯಿತು. ಸುಲಿಯುವ ಬಾಳೆಹಣ್ಣಿನ ಹೊದಿಕೆ ತಯಾರಿಸುವ ತೊಡಕೂ ಅದಕ್ಕೆ ಒಂದು ಕಾರಣ. ಬಂದ ಮೇಲೆ ಇನ್ನೊಂದು ವಿಘ್ನ ಎದುರಾಯಿತು. ಹೊದಿಕೆಯ ಹಿಂಬದಿಯ ಛಾಯಾಚಿತ್ರದಲ್ಲಿ ವಾರ್ಹೋಲ್ ಬಳಗದ ನಟನೊಬ್ಬನ ಮುಖ ಕಾಣುತ್ತಿತ್ತು. ತನ್ನ ಅನುಮತಿ ಪಡೆದಿಲ್ಲವೆಂದು ಆತ ಹಣ ಕೇಳಿದ. ಕಂಪನಿ ಹಣ ಕೊಡುವ ಬದಲು ತಟ್ಟೆಗಳನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿ, ಚಿತ್ರದ ಮೇಲೆ ಚೀಟಿ ಅಂಟಿಸಿತು. ಮುಂದೆ ಚಿತ್ರವನ್ನೇ ತಿದ್ದಿ ಮುದ್ರಿಸಿತು. 1967ರ ಬೇಸಗೆಯಲ್ಲಿ, ಮಾರಾಟ ಕುದುರಬೇಕಾಗಿದ್ದ ಹೊತ್ತಿನಲ್ಲಿ, ತಟ್ಟೆ ಅಂಗಡಿಗಳಲ್ಲಿ ಸಿಗದಂತಾಯಿತು.

ವಿಮರ್ಶಕರೂ ಹೆಚ್ಚಾಗಿ ಗಮನ ಕೊಡಲಿಲ್ಲ. ರಾಕ್ ಸಂಗೀತವನ್ನು ಗಂಭೀರವಾಗಿ ವಿಮರ್ಶಿಸುವ ಪತ್ರಿಕಾ ಪರಂಪರೆ ಆಗಷ್ಟೇ ಹುಟ್ಟುತ್ತಿತ್ತು. ‘ರೋಲಿಂಗ್ ಸ್ಟೋನ್’ ಪತ್ರಿಕೆ ಆರಂಭವಾದದ್ದೇ ಆ ವರ್ಷದ ನವೆಂಬರ್‌ನಲ್ಲಿ. ಅದೇ ಪತ್ರಿಕೆ 2003ರಲ್ಲಿ ಸಾರ್ವಕಾಲಿಕ ಶ್ರೇಷ್ಠ 500 ತಟ್ಟೆಗಳನ್ನು ಪಟ್ಟಿ ಮಾಡಿದಾಗ ಈ ತಟ್ಟೆಗೆ 13ನೆಯ ಸ್ಥಾನ ಕೊಟ್ಟಿತು.

ಮೂವತ್ತು ಸಾವಿರದ ಮಾತು

ಈ ತಟ್ಟೆಯ ಬಗ್ಗೆ ಒಂದು ಮಾತು ಗಾದೆಯಂತೆ ಬಳಕೆಯಲ್ಲಿದೆ. ಮೊದಲಿಗೆ ಮಾರಾಟವಾದದ್ದು ಮೂವತ್ತು ಸಾವಿರವೇ ಆದರೂ, ಕೊಂಡ ಪ್ರತಿಯೊಬ್ಬನೂ ಒಂದು ತಂಡ ಕಟ್ಟಿದ ಎಂಬುದು ಅದರ ಸಾರ. ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ 1982ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದು ಇದು. ಅವನು ಆ ಅಂಕಿಯನ್ನು ಲೂ ರೀಡ್‌ನ ಬಾಯಿಂದ ಕೇಳಿದ್ದ. ಆದರೆ ಕಂಪನಿಯ ಲೆಕ್ಕಪತ್ರ ಬೇರೆಯೇ ಹೇಳುತ್ತದೆ: 1969ರ ಫೆಬ್ರುವರಿಯ ಹೊತ್ತಿಗೆ 58,476 ಪ್ರತಿಗಳು ಮಾರಾಟವಾಗಿದ್ದವು. ಆ ಕಾಲದ ಅಮೆರಿಕದ ಮಾರುಕಟ್ಟೆಯಲ್ಲಿ ಇದು ಸೋಲೇ ಹೌದು, ಆದರೆ ದಂತಕಥೆ ಹೇಳುವಷ್ಟು ದಯನೀಯ ಸೋಲಲ್ಲ.

ಅಂಕಿ ಏನೇ ಇರಲಿ, ಕೇಳಿದವರು ಯಾರು ಎಂಬುದು ಇಲ್ಲಿ ಮುಖ್ಯ. 1966ರ ಕೊನೆಯಲ್ಲಿ, ತಟ್ಟೆ ಬಿಡುಗಡೆಯಾಗುವ ಮೊದಲೇ, ಅದರ ಮಾದರಿ ಪ್ರತಿಯೊಂದು ಲಂಡನ್ನಿನಲ್ಲಿ ಇನ್ನೂ ಹೆಸರಾಗದ ಡೇವಿಡ್ ಬೋವಿಯ ಕೈಸೇರಿತ್ತು. ಅದೇ ಬೋವಿ 1972ರಲ್ಲಿ ಮಿಕ್ ರಾನ್ಸನ್ ಜೊತೆ ಸೇರಿ ಲೂ ರೀಡ್‌ನ ‘ಟ್ರಾನ್ಸ್‌ಫಾರ್ಮರ್’ ತಟ್ಟೆಯನ್ನು ನಿರ್ಮಿಸಿ ಅವನಿಗೆ ಮೊದಲ ಜನಪ್ರಿಯತೆ ತಂದುಕೊಟ್ಟ. ಬಾಸ್ಟನ್ನಿನಲ್ಲಿ ತಂಡದ ಕಛೇರಿಗಳನ್ನು ಬಿಡದೆ ಕೇಳುತ್ತಿದ್ದ ಹುಡುಗ ಜೊನಾಥನ್ ರಿಚ್‌ಮನ್ ‘ಮಾಡರ್ನ್ ಲವರ್ಸ್’ ತಂಡ ಕಟ್ಟಿದ. ಇಂಗ್ಲೆಂಡಿನ ‘ಜಾಯ್ ಡಿವಿಷನ್’, ಅಮೆರಿಕದ ‘ಆರ್.ಇ.ಎಂ.’ ತಂಡಗಳು ವೆಲ್ವೆಟ್ ಹಾಡುಗಳನ್ನು ತಾವೂ ಹಾಡಿದವು.

ಇದರಿಂದ ‘ಮಾರಾಟವಾಗದ್ದೆಲ್ಲ ಶ್ರೇಷ್ಠ’ ಎಂದು ತೀರ್ಮಾನಿಸುವುದು ಸರಿಯಲ್ಲ. ಅದೇ ವರ್ಷ ಸೋತ ನೂರಾರು ತಟ್ಟೆಗಳನ್ನು ಇಂದು ಯಾರೂ ನೆನೆಯುವುದಿಲ್ಲ. ಈ ತಟ್ಟೆ ಉಳಿಯಲು ಅದರ ಗುಣದ ಜೊತೆಗೆ ಬೇರೆ ಆಸರೆಗಳೂ ಇದ್ದವು. ವಾರ್ಹೋಲ್‌ನ ಹೊದಿಕೆ ಅದನ್ನು ಕಲಾವಸ್ತುವನ್ನಾಗಿ ಮಾಡಿತ್ತು. ಬೋವಿಯಂಥ ಖ್ಯಾತನಾಮರು ಅದರ ಹೆಸರು ಹೇಳುತ್ತ ಬಂದರು. 1985ರಲ್ಲಿ ತಂಡದ ಹಳೆಯ ತಟ್ಟೆಗಳು ಮರುಮುದ್ರಣಗೊಂಡು ಹೊಸ ತಲೆಮಾರಿಗೆ ಸುಲಭವಾಗಿ ಸಿಗುವಂತಾದವು. ಒಂದು ಕೃತಿ ಕಾಲವನ್ನು ದಾಟಬೇಕಾದರೆ ಅದನ್ನು ಹೊತ್ತು ದಾಟಿಸುವ ಕೈಗಳೂ ಬೇಕು.

ಪ್ರಾಗ್‌ನ ಕಟಕಟೆ

ಅಂಥ ಕೈಗಳಿಗೆ ಬೇಡಿ ಬಿದ್ದದ್ದು ಚೆಕೊಸ್ಲೊವಾಕಿಯದಲ್ಲಿ. 1968ರ ವಸಂತದಲ್ಲಿ ಆ ದೇಶ ತುಸು ಸ್ವಾತಂತ್ರ್ಯದ ಗಾಳಿ ಉಸಿರಾಡುತ್ತಿತ್ತು. ನಾಟಕಕಾರ ವಾಕ್ಲಾವ್ ಹಾವೆಲ್ ಆಗ ನ್ಯೂಯಾರ್ಕಿಗೆ ಹೋಗಿ ಬರುವಾಗ ತಂದ ತಟ್ಟೆಗಳಲ್ಲಿ ವೆಲ್ವೆಟ್ ತಂಡದ್ದೂ ಇತ್ತು. ಆಗಸ್ಟ್‌ನಲ್ಲಿ ಸೋವಿಯತ್ ನೇತೃತ್ವದ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. ಅದರ ಬೆನ್ನಿಗೇ ಅಲ್ಲಿನ ಹುಡುಗರು ‘ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್’ ಎಂಬ ತಂಡ ಕಟ್ಟಿ, ವೆಲ್ವೆಟ್ ಅಂಡರ್‌ಗ್ರೌಂಡ್‌ನ ಹಾಡುಗಳನ್ನು ನುಡಿಸತೊಡಗಿದರು.

ಅಲ್ಲಿ ಸಂಗೀತ ಕಛೇರಿ ಮಾಡಲು ಸರ್ಕಾರದ ಪರವಾನಗಿ ಬೇಕಿತ್ತು. 1970ರಲ್ಲಿ ಈ ತಂಡ ಅದನ್ನು ಕಳೆದುಕೊಂಡಿತು. ಅನಂತರ ಅವರು ಹಳ್ಳಿಗಳ ಸಭಾಂಗಣಗಳಲ್ಲಿ, ಗೆಳೆಯರ ಮದುವೆಗಳಲ್ಲಿ, ಬಾಯಿಂದ ಬಾಯಿಗೆ ಸುದ್ದಿ ಮುಟ್ಟಿಸಿ ನುಡಿಸಿದರು. ತಂಡದ ಮಾರ್ಗದರ್ಶಕ ಇವಾನ್ ಯಿರೌಸ್, ಸರ್ಕಾರಿ ಸಂಸ್ಕೃತಿಯೊಡನೆ ಜಗಳವಾಡುವುದಕ್ಕಿಂತ ಅದರ ಪಕ್ಕದಲ್ಲೇ ‘ಎರಡನೆಯ ಸಂಸ್ಕೃತಿ’ಯೊಂದನ್ನು ಕಟ್ಟಿಕೊಳ್ಳಬೇಕು ಎನ್ನುತ್ತಿದ್ದ. 1976ರಲ್ಲಿ ಪೊಲೀಸರು ಈ ಬಳಗದ ಹಲವರನ್ನು ಬಂಧಿಸಿದರು. ಸೆಪ್ಟೆಂಬರ್‌ನಲ್ಲಿ ಪ್ರಾಗ್‌ನಲ್ಲಿ ವಿಚಾರಣೆ ನಡೆದು, ಸಾರ್ವಜನಿಕ ಶಾಂತಿಭಂಗದ ಆರೋಪದ ಮೇಲೆ ನಾಲ್ವರಿಗೆ 8ರಿಂದ 18 ತಿಂಗಳ ಸೆರೆವಾಸವಾಯಿತು. 18 ತಿಂಗಳು ಯಿರೌಸ್‌ಗೆ.

ಹಾವೆಲ್ ಆ ವಿಚಾರಣೆಯನ್ನು ನೋಡಲು ಹೋಗಿದ್ದರು. ಈ ಉದ್ದಗೂದಲಿನ ಹುಡುಗರು ರಾಜಕೀಯದವರಲ್ಲ. ತಮಗೆ ಬೇಕಾದಂತೆ ಹಾಡಲು ಹೊರಟವರು. ಅಷ್ಟಕ್ಕೇ ಜೈಲಾಗುವುದಾದರೆ ನಾಳೆ ಯಾರನ್ನಾದರೂ ಹಿಡಿಯಬಹುದು ಎಂಬುದು ಹಾವೆಲ್ ಮತ್ತು ಅವರ ಸ್ನೇಹಿತರಿಗೆ ಮನವರಿಕೆಯಾಯಿತು. ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಲೇಖಕರು, ತತ್ವಜ್ಞಾನಿಗಳು, ಧರ್ಮಶ್ರದ್ಧೆಯುಳ್ಳವರು, ಹಳೆಯ ಕಮ್ಯುನಿಸ್ಟರು ಒಂದಾದರು. 1977ರ ಜನವರಿಯಲ್ಲಿ 240ಕ್ಕೂ ಹೆಚ್ಚು ಜನರ ಸಹಿಯೊಂದಿಗೆ ‘ಚಾರ್ಟರ್ 77’ ಎಂಬ ಮಾನವ ಹಕ್ಕುಗಳ ಘೋಷಣೆ ಹೊರಬಂತು. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ಅದರ ವಕ್ತಾರರಲ್ಲಿ ಒಬ್ಬರಾಗಿದ್ದ ವೃದ್ಧ ತತ್ವಜ್ಞಾನಿ ಯಾನ್ ಪಾಟೊಚ್ಕಾ ಪೊಲೀಸರ ಸುದೀರ್ಘ ವಿಚಾರಣೆಗಳ ಬಳಿಕ ಅದೇ ಮಾರ್ಚ್‌ನಲ್ಲಿ ತೀರಿಕೊಂಡರು. ಹಾವೆಲ್‌ಗೆ 1979ರಲ್ಲಿ ನಾಲ್ಕೂವರೆ ವರ್ಷಗಳ ಶಿಕ್ಷೆಯಾಯಿತು.

ಹತ್ತು ವರ್ಷಗಳ ಬಳಿಕ, 1989ರ ಡಿಸೆಂಬರ್‌ನಲ್ಲಿ, ಅದೇ ಹಾವೆಲ್ ದೇಶದ ಅಧ್ಯಕ್ಷರಾದರು. ಆ ಬದಲಾವಣೆಗೆ ‘ವೆಲ್ವೆಟ್ ಕ್ರಾಂತಿ’ ಎಂಬ ಹೆಸರು ಬಂದದ್ದು ಈ ತಂಡದಿಂದಲೇ ಎನ್ನುವವರಿದ್ದಾರೆ. ರಕ್ತಪಾತವಿಲ್ಲದೆ ಮಖಮಲ್ಲಿನಷ್ಟು ನಯವಾಗಿ ನಡೆದದ್ದರಿಂದ ಆ ಹೆಸರು ಎಂಬುದೇ ಸಾಮಾನ್ಯ ವಿವರಣೆ. ಹಾಗಿದ್ದರೂ ನಂಟೇನೂ ಸುಳ್ಳಲ್ಲ. 1990ರಲ್ಲಿ ಲೂ ರೀಡ್ ಪ್ರಾಗ್‌ಗೆ ಹೋಗಿ ಅಧ್ಯಕ್ಷರ ಸಂದರ್ಶನ ಮಾಡಿದ. ಅವನ ಹಾಡುಗಳನ್ನು ಚೆಕ್ ಭಾಷೆಗೆ ತಂದು ಗುಟ್ಟಾಗಿ ಅಚ್ಚು ಮಾಡಿದ್ದ ಒಂದು ಪುಟ್ಟ ಪುಸ್ತಕವನ್ನು ಹಾವೆಲ್ ಅವನ ಕೈಗಿತ್ತರು. ಕಮ್ಯುನಿಸ್ಟ್ ಆಡಳಿತದಲ್ಲಿ ಅದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪಾಯವಾಗಿತ್ತು. ರಾತ್ರಿ ಒಂದು ಕ್ಲಬ್ಬಿನಲ್ಲಿ ಅಲ್ಲಿನ ವಾದಕರು ಅವನ ಮುಂದೆಯೇ ವೆಲ್ವೆಟ್ ಹಾಡುಗಳನ್ನು ನುಡಿಸಿದರು.

ತಂಡದವರಲ್ಲಿ ನಿಕೊ 1988ರಲ್ಲಿ, ಮಾರಿಸನ್ 1995ರಲ್ಲಿ, ರೀಡ್ 2013ರಲ್ಲಿ ತೀರಿಕೊಂಡರು. ವಾರ್ಹೋಲ್ 1987ರಲ್ಲೇ ಇಲ್ಲವಾಗಿದ್ದ. ಕೊಲಂಬಿಯಾ ಬೇಡವೆಂದ ಆ ಮಾದರಿ ತಟ್ಟೆ 2002ರಲ್ಲಿ ನ್ಯೂಯಾರ್ಕಿನ ಹಳೆ ಸಾಮಾನಿನ ಸಂತೆಯಲ್ಲಿ 75 ಸೆಂಟ್‌ಗೆ ಮಾರಾಟವಾಗಿ, 2006ರ ಹರಾಜಿನಲ್ಲಿ 25,200 ಡಾಲರ್ ತಂದಿತು. ಆದರೆ ಈ ತಟ್ಟೆಯ ಬೆಲೆಯನ್ನು ಆ ಹರಾಜಿನಲ್ಲಿ ಹುಡುಕಬೇಕಿಲ್ಲ. ಬಿಲ್‌ಬೋರ್ಡ್ ಪಟ್ಟಿಯ ತಳದಲ್ಲಿ ಉಳಿದ ಕೆಲವು ಹಾಡುಗಳಿಗಾಗಿ ಕಿವಿಗೊಟ್ಟವರು ಇನ್ನೊಂದು ದೇಶದಲ್ಲಿ ಪರವಾನಗಿ ಕಳೆದುಕೊಂಡರು, ಜೈಲಿಗೂ ಹೋದರು. ಹಾಡುವುದನ್ನು ಮಾತ್ರ ಬಿಡಲಿಲ್ಲ.